ಕಸದಿಂದ ರಸ: ಅಂಟು ಯಾವುದೆಂದು ಮೊದಲು ಹೇಳಿ

ಮಾನ್ಯ ಸಂಪಾದಕರೇ,

ಹಬ್ಬಗಳ ಸಾಲು ಶುರುವಾದರೆ ಸಾಕು, ಪುರವಣಿಗಳ ತುಂಬ ‘ಕಸದಿಂದ ರಸ’ದ ಚಿತ್ರಗಳು. ಹಳೇ ಬಾಟಲಿಗೆ ಮಿನುಗುಪುಡಿ ಬಳಿದ ಹೂದಾನಿ, ಸಿ.ಡಿ.ಗೆ ಪ್ಲಾಸ್ಟಿಕ್ ಮಣಿ ಅಂಟಿಸಿದ ತೋರಣ, ಟಿ.ವಿ. ಡಬ್ಬಿಯಲ್ಲಿ ಬಂದ ಥರ್ಮಾಕೋಲ್ ಕೊರೆದು ಮಾಡಿದ ಗಣಪತಿ ಮಂಟಪ. ನೋಡಲು ಚೆಂದವೇ. ಆದರೆ ಹಬ್ಬ ಮುಗಿದ ಮೇಲೆ ಅವುಗಳ ಗತಿ ಏನು ಎಂದು ಯಾರೂ ಬರೆಯುವುದಿಲ್ಲ. ಬಾಟಲಿ ಇದ್ದ ಹಾಗೇ ಇದ್ದಿದ್ದರೆ ಗುಜರಿಯವರು ತೂಕಕ್ಕೆ ಹಾಕಿಕೊಳ್ಳುತ್ತಿದ್ದರು. ಬಣ್ಣ, ಮಿನುಗು, ಗನ್ನಿನಿಂದ ಸುರಿದ ಬಿಸಿ ಅಂಟು ಹತ್ತಿದ ಮೇಲೆ ಅದನ್ನು ಅವರು ಮುಟ್ಟುವುದಿಲ್ಲ. ಮಾರಾಟವಾಗುತ್ತಿದ್ದ ವಸ್ತುವನ್ನು ನಾವೇ ಕೈಯಾರೆ ಕಸ ಮಾಡಿದಂತಾಯಿತು. ಅದನ್ನು ಸಿಂಗರಿಸಲು ಅಂಗಡಿಯಿಂದ ಹೊಸ ಪ್ಲಾಸ್ಟಿಕ್ ಬೇರೆ ತಂದಿರುತ್ತೇವೆ. ಮಿನುಗುಪುಡಿ ಎಂದರೆ ಬಹುಪಾಲು ಪ್ಲಾಸ್ಟಿಕ್ ಹಾಳೆಯ ಚೂರು, ಗುಡಿಸಿದಷ್ಟೂ ನೆಲದಲ್ಲೇ ಉಳಿಯುವಂಥದ್ದು.

ಮಕ್ಕಳಿಗೆ ಕರಕುಶಲ ಕಲಿಸುವ ನಮ್ಮ ಕೋರಿಕೆ ಇಷ್ಟೇ: ಇಂಥ ಲೇಖನ ಹಾಕುವಾಗ, ವಸ್ತುವನ್ನು ಯಾವುದರಿಂದ ಜೋಡಿಸಬೇಕು, ಆಮೇಲೆ ಹೇಗೆ ಬಿಚ್ಚಬೇಕು ಎಂಬುದನ್ನು ಕಡ್ಡಾಯವಾಗಿ ಬರೆಸಿ. ಮೈದಾ ಅಂಟು, ಹತ್ತಿಯ ದಾರ, ಕಾಗದದ ಮಡಿಕೆ ಈ ಮೂರರಿಂದಲೇ ನಿಲ್ಲುವ ಅಲಂಕಾರ ಹಬ್ಬದ ಮರುದಿನ ರದ್ದಿಗೋ ಗೊಬ್ಬರದ ಗುಂಡಿಗೋ ಹೋಗಬಲ್ಲದು, ಇಲ್ಲವೇ ಮುಂದಿನ ವರ್ಷಕ್ಕೆ ಅಟ್ಟಕ್ಕೆ ಏರಬಲ್ಲದು.

ಮೈದಾ ಅಂಟು ಎಲ್ಲರಿಗೂ ಗೊತ್ತು ಎನ್ನುತ್ತಾರೆ, ಆದರೂ ಹೆಚ್ಚಿನವರದು ಗಂಟುಗಂಟಾಗುತ್ತದೆ. ಹಿಟ್ಟನ್ನು ನೇರವಾಗಿ ಬಿಸಿ ನೀರಿಗೆ ಹಾಕುವುದೇ ಅದಕ್ಕೆ ಕಾರಣ. ಒಂದು ಲೋಟ ಮೈದಾವನ್ನು ಮೊದಲು ಒಂದು ಲೋಟ ತಣ್ಣೀರಿನಲ್ಲಿ ಕದಡಿ, ನಾಲ್ಕು ಲೋಟ ಕುದಿಯುವ ನೀರಿಗೆ ಸಣ್ಣ ಧಾರೆಯಾಗಿ ಸುರಿಯುತ್ತಾ ಕೈ ಬಿಡದೆ ತಿರುವಬೇಕು. ಸಣ್ಣ ಉರಿಯಲ್ಲಿ ಮೂರು ನಾಲ್ಕು ನಿಮಿಷಕ್ಕೆ ಬಿಳಿ ಬಣ್ಣ ಹೋಗಿ ಅರೆಪಾರದರ್ಶಕವಾಗುತ್ತದೆ, ಆಗ ಇಳಿಸಿ. ಹಸಿ ಹಿಟ್ಟಿನ ಬಿಳುಪು ಉಳಿದಿದ್ದರೆ ಒಣಗಿದ ಮೇಲೆ ಪುಡಿಪುಡಿಯಾಗಿ ಉದುರುತ್ತದೆ. ಆರಿದ ಮೇಲೆ ದೋಸೆ ಹಿಟ್ಟಿಗಿಂತ ತುಸು ಗಟ್ಟಿ ಇದ್ದರೆ ಹದ. ಹಳೇ ಕಾಲದ ಪುಸ್ತಕ ಕಟ್ಟುವವರು ಹುಳ ಹಿಡಿಯದಿರಲೆಂದು ಚಿಟಿಕೆ ಮೈಲುತುತ್ತ ಹಾಕುತ್ತಿದ್ದರು. ಅದು ವಿಷ, ಮಕ್ಕಳು ಕೂತು ಕೆಲಸ ಮಾಡುವ ಕಡೆ ಬೇಡವೇ ಬೇಡ. ಅಂದಂದಿಗೆ ಬೇಕಾದಷ್ಟೇ ಕಾಯಿಸಿಕೊಳ್ಳುವುದು ಒಳ್ಳೆಯದು. ತೆಳು ಕಾಗದಕ್ಕೆ ದಪ್ಪ ಕಾಗದ ಅಂಟಿಸುವಾಗ ಅಂಟನ್ನು ದಪ್ಪ ಕಾಗದಕ್ಕೇ ಸವರಬೇಕು. ತೆಳು ಹಾಳೆ ನೆನೆದು ಹಿಗ್ಗಿ, ಒಣಗುವಾಗ ಕುಗ್ಗಿ ಸುಕ್ಕಾಗುವುದು ಹೀಗೆ ತಪ್ಪುತ್ತದೆ.

ಮನೆಯಲ್ಲಿ ಎಲ್ಲಕ್ಕಿಂತ ಹೆಚ್ಚು ವ್ಯರ್ಥವಾಗುವ ಒಳ್ಳೆಯ ಸಾಮಗ್ರಿ ಲಗ್ನಪತ್ರಿಕೆ. ಮೇಲೆ ಗಣಪತಿ ಇರುತ್ತಾನೆಂದು ರದ್ದಿಗೆ ಹಾಕಲು ಮನಸ್ಸು ಬಾರದೆ ಬೀರುವಿನ ತಳದಲ್ಲಿ ಕಟ್ಟುಗಟ್ಟಲೆ ಬಿದ್ದಿರುತ್ತವೆ. ಹೊಂಬಣ್ಣದ ಹಾಳೆ, ಲ್ಯಾಮಿನೇಷನ್ ಇರುವ ಪತ್ರಿಕೆಗೆ ರದ್ದಿಯಲ್ಲಿ ಬೆಲೆಯೂ ಇಲ್ಲ. ದೀಪಾವಳಿಯ ಆಕಾಶಬುಟ್ಟಿಗೆ ಇದಕ್ಕಿಂತ ಹೊಂದುವ ಕಾಗದ ನಮಗೆ ಕಂಡಿಲ್ಲ.

ಗಣಪತಿಯ ಚಿತ್ರವಿರುವ ಭಾಗವನ್ನು ಎತ್ತಿಟ್ಟು, ಉಳಿದುದರಲ್ಲಿ 9 ಸೆಂ.ಮೀ. ಅಡ್ಡಳತೆಯ ಇಪ್ಪತ್ತು ಬಿಲ್ಲೆ ಕತ್ತರಿಸಿ. ಒಂದು ಪತ್ರಿಕೆಗೆ ಮೂರು ನಾಲ್ಕು ಬಿಲ್ಲೆ ಸಿಕ್ಕರೆ ಆರೇಳು ಪತ್ರಿಕೆ ಸಾಕು. ಕೈವಾರವನ್ನು 4.5 ಸೆಂ.ಮೀ.ಗೇ ಬಿಟ್ಟು ಬಿಲ್ಲೆಯ ಅಂಚಿನ ಮೇಲೆ ಸುತ್ತ ಗುರುತು ಹಾಕುತ್ತಾ ಹೋದರೆ ಸರಿಯಾಗಿ ಆರು ಗುರುತು ಬೀಳುತ್ತವೆ. ಒಂದು ಬಿಟ್ಟು ಒಂದನ್ನು ಸೇರಿಸಿದರೆ ಒಳಗೆ ಸಮಬಾಹು ತ್ರಿಕೋನ, ಬಾಹು 7.8 ಸೆಂ.ಮೀ. ಇದನ್ನು ಇಪ್ಪತ್ತು ಸಲ ಬರೆಯಲು ಹೋಗಬೇಡಿ. ಒಂದನ್ನು ರಟ್ಟಿನಲ್ಲಿ ಮಾಡಿಟ್ಟುಕೊಂಡು ಉಳಿದವನ್ನು ಅದರ ಮೇಲೇ ಗುರುತಿಸಿ. ಒಂದೊಂದರಲ್ಲೂ ಒಂದು ಮಿಲಿಮೀಟರ್ ಹೆಚ್ಚುಕಡಿಮೆಯಾದರೂ ಕೊನೆಯ ಬಿಲ್ಲೆ ಕೂರುವುದಿಲ್ಲ, ಬುಟ್ಟಿ ಬಾಯಿ ಮುಚ್ಚುವುದಿಲ್ಲ. ಇಂಕು ಮುಗಿದ ಬಾಲ್‌ಪೆನ್ನಿನಿಂದ ಮೂರೂ ಗೆರೆಗಳ ಮೇಲೆ ಒತ್ತಿ ಎಳೆದು ಆಮೇಲೆ ಮಡಚಿ. ಒತ್ತದೆ ಮಡಚಿದರೆ ದಪ್ಪ ಕಾಗದ ಅಂಕುಡೊಂಕಾಗಿ ಬಿರಿಯುತ್ತದೆ.

ಇಲ್ಲಿ ಎಲ್ಲರೂ ಎಡವುವ ಜಾಗವೊಂದಿದೆ. ತ್ರಿಕೋನದ ಆಚೆ ಉಳಿದ ಮೂರು ಅಂಚುಗಳನ್ನು ಅಚ್ಚಾದ ಮುಖದ ಕಡೆಗೆ, ಅಂದರೆ ಹೊರಗೆ ಮಡಚಬೇಕು. ಆಗ ಪಕ್ಕಪಕ್ಕದ ಎರಡು ಅಂಚುಗಳು ತಮ್ಮ ಬೆನ್ನಿನಿಂದ ಕೂಡುತ್ತವೆ. ಪತ್ರಿಕೆಯ ಬೆನ್ನು ಸಾಮಾನ್ಯವಾಗಿ ಹೊಳಪಿಲ್ಲದ ಬರೀ ಕಾಗದ, ಮೈದಾ ಅಂಟು ಅದಕ್ಕೆ ಗಟ್ಟಿಯಾಗಿ ಹಿಡಿಯುತ್ತದೆ. ಅಂಚು ಒಳಗಿದ್ದರೆ ನೀಟಾಗಿ ಕಾಣುತ್ತದೆಂದು ಒಳಗೆ ಮಡಚಿದರೆ ಹೊಳಪಿನ ಮುಖಗಳೇ ಪರಸ್ಪರ ತಾಗುತ್ತವೆ. ಪ್ಲಾಸ್ಟಿಕ್ ಪೊರೆಗೆ ಮೈದಾ ಹಿಡಿಯದೆ ರಾತ್ರೋರಾತ್ರಿ ಬಿಚ್ಚಿಕೊಳ್ಳುತ್ತದೆ. ಜನ ಆಗಲೇ ಬಿಸಿ ಅಂಟಿನ ಗನ್ನಿಗೆ ಕೈ ಹಾಕುವುದು. ಹೊರಗೆ ನಿಂತ ಎರಡೂಕಾಲು ಸೆಂ.ಮೀ. ಅಂಚುಗಳೇ ಬುಟ್ಟಿಗೆ ದಳಗಳಂತೆ ಒಪ್ಪುತ್ತವೆ.

ಜೋಡಣೆಗೆ ಮುಂಚೆ ಕಿಟಕಿ ಕೊರೆಯಬೇಕು. ಪ್ರತಿ ತ್ರಿಕೋನದೊಳಗೆ ಸುತ್ತ 1.2 ಸೆಂ.ಮೀ. ಅಂಚು ಬಿಟ್ಟು ನಡುಭಾಗ ತೆಗೆದು, ಹಿಂದಿನಿಂದ ಹಳೇ ವಾಯಿಲ್ ಸೀರೆಯ ತುಂಡು ಅಂಟಿಸಿ. ಬಟ್ಟೆ ಮಡಿಕೆಯ ಗೆರೆ ದಾಟಬಾರದು, ದಾಟಿದರೆ ಮಡಿಕೆ ದಪ್ಪವಾಗಿ ಅಳತೆ ಕೆಡುತ್ತದೆ. ಹತ್ತಿಯದಾದರೆ ಸರಿ, ನೈಲಾನ್ ಬೇಡ. ಇನ್ನು ಐದು ಬಿಲ್ಲೆಗಳ ತುದಿಗಳನ್ನು ಒಂದು ಬಿಂದುವಿಗೆ ತಂದು ಸುತ್ತ ಅಂಟಿಸಿದರೆ ಮೇಲಿನ ಟೋಪಿ, ಇನ್ನೈದರಿಂದ ಕೆಳಗಿನದು. ಉಳಿದ ಹತ್ತನ್ನು ಒಂದು ತುದಿ ಮೇಲೆ, ಒಂದು ತುದಿ ಕೆಳಗೆ ಬರುವಂತೆ ಸಾಲಾಗಿ ಅಂಟಿಸಿ, ಎರಡು ಕೊನೆಗಳನ್ನು ಸೇರಿಸಿದರೆ ನಡುವಿನ ಪಟ್ಟಿ. ಅಂಟು ಒಣಗುವವರೆಗೆ ಪ್ರತಿ ಜೋಡಣೆಗೂ ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸಿ. ಎರಡು ಟೋಪಿಗಳ ತುದಿಯನ್ನು ಮೊದಲೇ ಒಂದೂವರೆ ಸೆಂ.ಮೀ. ಕತ್ತರಿಸಿರಬೇಕು. ಮೇಲಿನ ತೂತಿನಲ್ಲಿ ವೈರು ಇಳಿಯುತ್ತದೆ, ಕೆಳಗಿನದರಿಂದ ಗಾಳಿ ಆಡುತ್ತದೆ. ಮೇಲಿನ ಟೋಪಿಯನ್ನು ಪಟ್ಟಿಗೆ ಅಂಟಿಸಿ; ಕೆಳಗಿನದನ್ನು ಅಂಟಿಸದೆ ಮೂರು ಕಡೆ ದಾರದಲ್ಲಿ ಕಟ್ಟಿ, ಬಲ್ಬು ಬದಲಿಸಲು ಬರಬೇಕಲ್ಲ. ತಯಾರಾದ ಬುಟ್ಟಿ ತುದಿಯಿಂದ ತುದಿಗೆ ಸುಮಾರು 15 ಸೆಂ.ಮೀ. ಇರುತ್ತದೆ.

ಬಲ್ಬಿನ ವಿಷಯದಲ್ಲಿ ಮಾತ್ರ ಯಾವ ರಾಜಿಯೂ ಕೂಡದು. ಇಷ್ಟು ಚಿಕ್ಕ ಕಾಗದದ ಬುಟ್ಟಿಗೆ ಅರ್ಧ ವಾಟ್‌ನ ಎಲ್‌ಇಡಿ ರಾತ್ರಿದೀಪ ಸಾಕು. ‘ಜೀರೋ ಬಲ್ಬ್’ ಎಂದು ಕರೆಯುವ ಹಳೇ ತಂತಿಯ ಬಲ್ಬು ಹೆಸರಿಗೆ ಜೀರೋ, ತಿನ್ನುವುದು ಹತ್ತರಿಂದ ಹದಿನೈದು ವಾಟ್. ಅದು ಗಂಟೆಗಟ್ಟಲೆ ಉರಿದರೆ ಒಳಗಿನ ಕಾಗದ ಬಿಸಿಯೇರುತ್ತದೆ. ಎಣ್ಣೆದೀಪ, ಮೇಣದಬತ್ತಿಯಂತೂ ಬೇಡ. ಬುಟ್ಟಿಯ ಭಾರ ವೈರಿನ ಮೇಲೆ ಬೀಳದಂತೆ ಬೇರೆ ದಾರದಲ್ಲಿ ತೂಗುಹಾಕಿ. ದೀಪಾವಳಿಯ ಹೊತ್ತಿಗೆ ಹಿಂಗಾರಿನ ಮಳೆ ಇದ್ದೇ ಇರುತ್ತದೆ, ಮೈದಾ ಅಂಟು ನೀರಿಗೆ ಬಿಡುತ್ತದೆ, ಸೂರಿನಡಿಯಲ್ಲೇ ಇರಲಿ. ಕಾಗದ ಪಾರದರ್ಶಕವಾಗಲೆಂದು ಎಣ್ಣೆ ಸವರುವವರಿದ್ದಾರೆ. ಅದರ ಮೇಲೆ ಅಂಟು ಹಿಡಿಯದು, ಧೂಳು ಕೂರುತ್ತದೆ, ಬೆಂಕಿ ತಗುಲಿದರೆ ಬೇಗ ಹತ್ತಿಕೊಳ್ಳುತ್ತದೆ.

ಗಣಪತಿ ಮಂಟಪಕ್ಕೆ ಥರ್ಮಾಕೋಲ್ ಬದಲು ಏನು ಎಂದು ಕೇಳುವವರಿಗೆ ಉತ್ತರ ನಿಮ್ಮ ಪತ್ರಿಕೆಯ ಹಳೇ ಹಾಳೆಯೇ. ಒಂದು ಪುಟವನ್ನು ಉದ್ದಕ್ಕೆ ಎರಡು ಮಾಡಿ, ಹಳೇ ಸೈಕಲ್ ಕಡ್ಡಿಯ ಮೇಲೆ ಮೂಲೆಯಿಂದ ಓರೆಯಾಗಿ ಬಿಗಿಯಾಗಿ ಸುತ್ತಿ, ಕೊನೆಯ ಮೂಲೆಗೆ ಅಂಟು ಹಚ್ಚಿ ಕಡ್ಡಿ ಎಳೆದುಬಿಡಿ. ಸುಮಾರು ಅರ್ಧ ಮೀಟರ್ ಉದ್ದದ ಗಟ್ಟಿ ನಳಿಗೆ ಸಿಗುತ್ತದೆ. ಸಡಿಲವಾಗಿ ಸುತ್ತಿದ್ದು ಭಾರ ಬಿದ್ದೊಡನೆ ನಡು ಮುರಿಯುತ್ತದೆ. ಉದ್ದ ಬೇಕಾದರೆ ಸಣ್ಣ ತುದಿಯನ್ನು ದಪ್ಪ ತುದಿಯೊಳಗೆ ಮೂರು ಸೆಂ.ಮೀ. ತೂರಿಸಿ. ನಡುವೆ ಒಂದು, ಸುತ್ತ ಆರು ಹೀಗೆ ಏಳನ್ನು ಸೇರಿಸಿ ದಾರ ಬಿಗಿದರೆ ದುಂಡನೆಯ ಕಂಬ. ತೂರಿಸಿದ ಜಾಗಗಳು ಒಂದೇ ಎತ್ತರದಲ್ಲಿ ಬಾರದಂತೆ ಹಿಂದೆ ಮುಂದೆ ಮಾಡಿ. ಅಚ್ಚಿನ ಮಸಿ ಕೈಗೆ, ಗೋಡೆಗೆ ಹತ್ತದಿರಲು ತೆಳು ಮೈದಾ ಅಂಟಿಗೆ ಕೆಮ್ಮಣ್ಣು ಕಲಸಿ ಎರಡು ಸಲ ಬಳಿಯಿರಿ. ಅರಿಶಿನದ ಬಣ್ಣ ಬಿಸಿಲಿಗೆ ಬೇಗ ಮಾಸುತ್ತದೆ, ಕೆಮ್ಮಣ್ಣು ಮಾಸುವುದಿಲ್ಲ. ಅದರ ಮೇಲೆ ನುಣ್ಣಗೆ ರುಬ್ಬಿದ ಅಕ್ಕಿಹಿಟ್ಟಿನಲ್ಲಿ, ಪುಂಡಿನಾರಿನ ಕುಂಚದಿಂದ ಗೆರೆ ಎಳೆಯುವುದನ್ನು ನಮ್ಮ ಸಾಗರ ಸೀಮೆಯ ದೀವರು ಸಮುದಾಯದ ಹೆಂಗಸರು ಗೋಡೆಯ ಹಸೆ ಚಿತ್ತಾರದಲ್ಲಿ, ಭೂಮಿ ಹುಣ್ಣಿಮೆಗೆ ಗದ್ದೆಗೆ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿಯ ಮೇಲೆ ಮಾಡುತ್ತಲೇ ಬಂದಿದ್ದಾರೆ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಗೋಣಿಚೀಲದ ಚಿಂದಿ, ಮರದ ಹೊಟ್ಟು, ಹುಣಸೆಬೀಜದ ಅಂಟು ಕಲಸಿ ಬೊಂಬೆಗೆ ಮೈ ಕಟ್ಟುವುದೂ ಇದೇ ದಾರಿಯ ಕೆಲಸ. ಹುಣಸೆಬೀಜವನ್ನು ಹುರಿದು ಸಿಪ್ಪೆ ತೆಗೆದು, ರಾತ್ರಿ ನೆನೆಸಿ, ರುಬ್ಬಿ ಕುದಿಸಿದರೆ ಅಂಟು ಸಿದ್ಧ. ಕೆಲಸ ಹೆಚ್ಚು, ಹಿಡಿತವೂ ಹೆಚ್ಚು.

ಬಾಗಿಲ ತೋರಣಕ್ಕೆ ಹಳೇ ಹತ್ತಿ ಸೀರೆ ಸಾಕು. 90 ಸೆಂ.ಮೀ. ಬಾಗಿಲಿಗೆ 5 ಸೆಂ.ಮೀ. ಅಗಲ, 12 ಸೆಂ.ಮೀ. ಉದ್ದದ ಹನ್ನೊಂದು ಎಲೆ, ನಡುವೆ ಮೂರು ಸೆಂ.ಮೀ. ತೆರಪು. ಗಂಜಿಯಲ್ಲಿ ಅದ್ದಿ ಒಣಗಿಸಿ, ಇಸ್ತ್ರಿ ಮಾಡಿದ ಮೇಲೆ ಕತ್ತರಿಸಿದರೆ ಎಳೆ ಬಿಡುವುದಿಲ್ಲ. ಪಾಲಿಯೆಸ್ಟರ್ ಗಂಜಿ ಹೀರದೆ ಜೋತುಬೀಳುತ್ತದೆ.

ಥರ್ಮಾಕೋಲಿನ ಬಗ್ಗೆ ಒಂದು ಮಾತು. 2016ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟ, ಬಂಟಿಂಗ್‌ಗಳನ್ನು ನಿಷೇಧಿಸಿತು. 2022ರ ಜುಲೈ 1ರಿಂದ ಅಲಂಕಾರಕ್ಕೆ ಬಳಸುವ ಥರ್ಮಾಕೋಲ್ ದೇಶದಾದ್ಯಂತ ನಿಷಿದ್ಧ. ಪೆಟ್ಟಿಗೆಯಲ್ಲಿ ಬಂದ ಥರ್ಮಾಕೋಲನ್ನು ಕೊರೆದರೆ ಮರುಬಳಕೆಯೇ ಅಲ್ಲವೇ ಎನ್ನುತ್ತಾರೆ. ಕೊರೆದ ಕ್ಷಣವೇ ಅದು ಕಾಳುಕಾಳಾಗಿ ಚರಂಡಿ ಸೇರುತ್ತದೆ. ಹಾಲಿನ ಪ್ಯಾಕೆಟ್ಟನ್ನೂ ಹೂವಾಗಿ ಕತ್ತರಿಸಬೇಡಿ. ತೊಳೆದು ಒಣಗಿಸಿ ಇಡಿಯಾಗಿ ಗುಜರಿಗೆ ಕೊಟ್ಟರೆ ಅದು ಮತ್ತೆ ಪ್ಲಾಸ್ಟಿಕ್ಕಾಗಿ ಕೆಲಸಕ್ಕೆ ಬರುತ್ತದೆ.

ಶಾಲೆಗಳು ‘ಕಸದಿಂದ ರಸ’ ಸ್ಪರ್ಧೆ ನಡೆಸುವಾಗ, ಅಂಗಡಿಯಿಂದ ಕೊಂಡು ತಂದ ಪ್ರತಿ ಸಾಮಾನಿಗೂ ಅಂಕ ಕಳೆಯುವ ನಿಯಮ ಇಡಲಿ. ಈ ಮಾತು ಪತ್ರಿಕೆಯಲ್ಲಿ ಬಂದರೆ ತೂಕ ಹೆಚ್ಚು. ಜತೆಗೆ, ಈ ಸಲದ ದೀಪಾವಳಿ ಪುರವಣಿಯ ಒಂದು ಮೂಲೆಯಲ್ಲಿ 9 ಸೆಂ.ಮೀ. ಬಿಲ್ಲೆ, ಒಳಗೆ ತ್ರಿಕೋನ, ಅದರೊಳಗೆ ಕಿಟಕಿ ಇರುವ ಮಾದರಿಯನ್ನು ನಿಜ ಅಳತೆಯಲ್ಲೇ ಅಚ್ಚು ಮಾಡಿ. ಓದುಗರು ಕತ್ತರಿಸಿ ರಟ್ಟಿಗೆ ಅಂಟಿಸಿಕೊಂಡರೆ ಕೈವಾರವೂ ಬೇಕಿಲ್ಲ. ಪಕ್ಕದಲ್ಲಿ 5 ಸೆಂ.ಮೀ.ನ ಒಂದು ಅಳತೆಗೆರೆಯನ್ನೂ ಕೊಡಿ. ಇ-ಪತ್ರಿಕೆಯಿಂದ ಮುದ್ರಿಸಿಕೊಳ್ಳುವವರಿಗೆ ಚಿತ್ರ ಹಿಗ್ಗಿದೆಯೋ ಕುಗ್ಗಿದೆಯೋ ಅದರಿಂದ ತಿಳಿಯುತ್ತದೆ.

– ಕರಕುಶಲ ಶಿಕ್ಷಕಿಯರು, ಸಾಗರ