ನಾಯಿಗಳ ಬೇಟೆ: ಹಕ್ಕಿಗಳ ವಿಷಯ ಬೇರೆ

ಮಾನ್ಯ ಸಂಪಾದಕರಿಗೆ,

ಬ್ರಿಟನ್ನಿನ ಹಳ್ಳಿಗಾಡಿನ ಬದುಕನ್ನು ಕುರಿತು ತಮ್ಮ ಪುರವಣಿಯಲ್ಲಿ ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ನಾಯಿ ಬಿಟ್ಟು ಬೇಟೆಯಾಡುವುದು ಅಲ್ಲಿ 2004ರಲ್ಲೇ ನಿಷೇಧವಾಯಿತೆಂದೂ, ಈಗ ಉಳಿದಿರುವುದು ಲರ್ಚರ್ ಎಂಬ ಕಳ್ಳಬೇಟೆಯ ನಾಯಿ ಮಾತ್ರವೆಂದೂ ಅದರಲ್ಲಿ ಹೇಳಲಾಗಿದೆ. ಬಹುಕಾಲದಿಂದ ಉತ್ತರ ಇಂಗ್ಲೆಂಡಿನ ಹಳ್ಳಿಯೊಂದರಲ್ಲಿ ನೆಲೆಸಿ, ಅಂಥದೇ ಒಂದು ನಾಯಿಯನ್ನು ಸಾಕಿಕೊಂಡಿರುವ ನನಗೆ ಆ ಎರಡು ಮಾತುಗಳೂ ಸರಿಯಲ್ಲವೆನಿಸಿದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಲೇಖನ ಹೇಳುವ ಕಾಯ್ದೆ ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಸಂಬಂಧಿಸಿದ್ದು; ಜಾರಿಗೆ ಬಂದದ್ದು 2005ರ ಫೆಬ್ರವರಿ 18ರಂದು. ಅದು ತಡೆಯುವುದು ಕಾಡಿನ ಸಸ್ತನಿಗಳನ್ನು, ಅಂದರೆ ನರಿ, ಜಿಂಕೆ, ಹೇರ್ ಎಂಬ ದೊಡ್ಡ ಮೊಲ ಮುಂತಾದವನ್ನು, ನಾಯಿಗಳಿಂದ ಬೇಟೆಯಾಡಿಸುವುದನ್ನು. ಲ್ಯಾಂಕಾಶೈರಿನ ಗ್ರೇಟ್ ಆಲ್ಟ್‌ಕಾರ್‌ನಲ್ಲಿ 1836ರಲ್ಲಿ ಆರಂಭವಾಗಿದ್ದ, ಗ್ರೇಹೌಂಡ್‌ಗಳನ್ನು ಮೊಲದ ಬೆನ್ನಿಗೆ ಬಿಡುವ ವಾಟರ್ಲೂ ಕಪ್ ಸ್ಪರ್ಧೆ ಆ ಫೆಬ್ರವರಿಗೇ ಕೊನೆಯಾಯಿತು. ಆದರೆ ಜಮೀನಿನವರ ಒಪ್ಪಿಗೆಯಿದ್ದರೆ ಇಲಿಗಳನ್ನೂ ಬಿಲದಲ್ಲಿ ವಾಸಿಸುವ ಸಣ್ಣ ಮೊಲಗಳನ್ನೂ ನಾಯಿಯಿಂದ ಹಿಡಿಸಲು ಅದೇ ಕಾಯ್ದೆ ಅವಕಾಶ ಕೊಟ್ಟಿದೆ. ಬೇಟೆಹಕ್ಕಿಗಳಂತೂ ಆ ನಿಷೇಧದ ವ್ಯಾಪ್ತಿಗೇ ಬರುವುದಿಲ್ಲ.

ಹಕ್ಕಿಗಳ ಲೆಕ್ಕವನ್ನು ನೋಡಿಕೊಳ್ಳುವುದು ಅದಕ್ಕಿಂತ ಬಹಳ ಹಳೆಯದಾದ 1831ರ ಬೇಟೆ ಕಾಯ್ದೆ. ಫೆಸೆಂಟ್ ಹಕ್ಕಿಗೆ ಅಕ್ಟೋಬರ್ 1ರಿಂದ ಫೆಬ್ರವರಿ 1ರವರೆಗೆ, ಗೌಜಲಹಕ್ಕಿಯ ಜಾತಿಯ ಪಾರ್ಟ್ರಿಜ್‌ಗೆ ಸೆಪ್ಟೆಂಬರ್ 1ರಿಂದ ಫೆಬ್ರವರಿ 1ರವರೆಗೆ, ಬೋಳುಗುಡ್ಡಗಳ ಹೀದರ್ ಗಿಡಗಳ ನಡುವೆ ಬದುಕುವ ಕೆಂಪು ಗ್ರೌಸ್‌ಗೆ ಆಗಸ್ಟ್ 12ರಿಂದ ಡಿಸೆಂಬರ್ 10ರವರೆಗೆ ಬೇಟೆಯ ಋತು. ಭಾನುವಾರ ಮತ್ತು ಕ್ರಿಸ್‌ಮಸ್ ದಿನ ಇವುಗಳ ಬೇಟೆಗೆ ಬಂದೂಕನ್ನಾಗಲಿ ಬಲೆಯನ್ನಾಗಲಿ ನಾಯಿಯನ್ನಾಗಲಿ ಬಳಸಕೂಡದೆಂದು ಆ ಕಾಯ್ದೆ ನಾಯಿಯನ್ನು ಹೆಸರಿಟ್ಟೇ ಹೇಳುತ್ತದೆ. ಇದಕ್ಕೆ ಸೇರಿಸಬೇಕಾದ ಇನ್ನೊಂದು ನಿಯಮವಿದೆ. ಸಾರ್ವಜನಿಕರು ಮುಕ್ತವಾಗಿ ತಿರುಗಾಡಬಹುದಾದ ಬಯಲು ಮತ್ತು ಗುಡ್ಡಗಳಲ್ಲಿ ಮಾರ್ಚ್ 1ರಿಂದ ಜುಲೈ 31ರವರೆಗೆ ನಾಯಿಯನ್ನು ಎರಡು ಮೀಟರಿಗಿಂತ ಉದ್ದವಲ್ಲದ ಹಗ್ಗದಲ್ಲಿ ಹಿಡಿದೇ ಇರಬೇಕು, ಏಕೆಂದರೆ ಆ ತಿಂಗಳುಗಳಲ್ಲಿ ಎಷ್ಟೋ ಹಕ್ಕಿಗಳು ನೆಲದ ಮೇಲೆಯೇ ಮೊಟ್ಟೆಯಿಟ್ಟು ಕಾವು ಕೊಡುತ್ತಿರುತ್ತವೆ. ಹೀಗೆ ಋತು, ಜಾಗ, ಅನುಮತಿ ಈ ಮೂರನ್ನೂ ನೋಡದೆ ಎಲ್ಲ ಬೇಟೆಯೂ ನಿಷಿದ್ಧವೆಂದು ಬರೆದರೆ ಓದುಗರಿಗೆ ಇರುವ ಸ್ಥಿತಿ ತಿಳಿಯುವುದಿಲ್ಲ.

ಇನ್ನು ಲರ್ಚರ್. ಇದೊಂದು ತಳಿಯಲ್ಲ, ಬೆರಕೆ. ಗ್ರೇಹೌಂಡ್, ವಿಪೆಟ್, ಸಲೂಕಿ ಮೊದಲಾದ ಕಣ್ಣಿನಿಂದ ಬೇಟೆಯಾಡುವ ಓಟದ ನಾಯಿಗಳಿಗೆ ಕುರಿ ಕಾಯುವ ಕೋಲಿಯನ್ನೋ ಬೆಡ್ಲಿಂಗ್ಟನ್ ಟೆರಿಯರನ್ನೋ ಕೂಡಿಸಿ ಹುಟ್ಟಿಸಿದ್ದು. ಮುಧೋಳದ ನಾಯಿಯನ್ನು ಕಂಡವರಿಗೆ ಇದರ ನೀಳ ಕಾಲು, ಒಳಗೆ ಸೇದಿದ ಹೊಟ್ಟೆ ಅಪರಿಚಿತವೆನಿಸಲಾರವು. ಓಟ ಒಂದು ಕಡೆಯಿಂದ, ಮೂಗು ಮತ್ತು ಮಾತು ಕೇಳುವ ಗುಣ ಇನ್ನೊಂದು ಕಡೆಯಿಂದ ಬಂದಿರುವುದೇ ಇದರ ಹೆಚ್ಚುಗಾರಿಕೆ. ಕಳ್ಳಬೇಟೆಯ ಹೆಸರು ಇದಕ್ಕೆ ಅಂಟಿಕೊಂಡದ್ದರ ಹಿಂದೆ ನಾಯಿಯ ಸ್ವಭಾವಕ್ಕಿಂತ ಮಿಗಿಲಾಗಿ ಮನುಷ್ಯರ ಕಾನೂನಿದೆ. 1671ರ ಕಾಯ್ದೆಯೊಂದು ವರ್ಷಕ್ಕೆ 100 ಪೌಂಡ್ ಹುಟ್ಟುವಳಿಯ ಸ್ವಂತ ಭೂಮಿಯಿಲ್ಲದ ಸಾಮಾನ್ಯ ಜನ ಬೇಟೆಯಾಡುವುದನ್ನು ತಡೆದು, ಅಂಥವರ ಮನೆಯಲ್ಲಿ ಬಂದೂಕು, ಬಲೆ, ಗ್ರೇಹೌಂಡ್, ಲರ್ಚರ್‌ಗಳು ಕಂಡರೆ ಕಸಿದುಕೊಳ್ಳುವ ಅಧಿಕಾರವನ್ನು ಜಮೀನ್ದಾರರ ಕಾವಲುಗಾರರಿಗೆ ಕೊಟ್ಟಿತ್ತು. ಆ ಆಸ್ತಿಯ ಷರತ್ತು ರದ್ದಾದದ್ದು 1831ರಲ್ಲಿ. ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ತನ್ನ ಹೊಲದಂಚಿನ ಹಕ್ಕಿಯನ್ನು ಹಿಡಿದ ಬಡವನೂ ಕಳ್ಳನೆನಿಸಿಕೊಂಡ, ಅವನ ಜೊತೆಗಿದ್ದ ನಾಯಿಯೂ ಕಳ್ಳನಾಯಿ ಎನಿಸಿಕೊಂಡಿತು. ಬೊಗಳದೆ ಕೆಲಸ ಮಾಡುವುದು, ಕರೆಯದೆಯೇ ಹಿಂತಿರುಗುವುದು ಮುಂತಾದ ಗುಣಗಳನ್ನು ಜನ ಮೆಚ್ಚಿ ಆರಿಸಿ ಬೆಳೆಸಿದ್ದೂ ಈ ಹಿನ್ನೆಲೆಯಲ್ಲಿಯೇ ಇರಬೇಕು.

ಹಕ್ಕಿಬೇಟೆಯಲ್ಲಿ ನಾಯಿಗಳು ಮಾಡುವ ಕೆಲಸವೂ ಒಂದೇ ಬಗೆಯದಲ್ಲ. ಇಂದು ಬಂದೂಕಿನ ಜೊತೆಯಲ್ಲಿ ಕಾಣುವ ಸೆಟರ್ ನಾಯಿಯ ಪೂರ್ವಿಕರನ್ನು ಬಲೆಯ ಬೇಟೆಗಾಗಿ ಪಳಗಿಸುತ್ತಿದ್ದರು. ಹುಲ್ಲಿನಲ್ಲಿ ಅಡಗಿದ ಹಕ್ಕಿಗಳ ವಾಸನೆ ಸಿಕ್ಕೊಡನೆ ನಾಯಿ ನೆಲಕ್ಕೆ ಹೊಟ್ಟೆಯಾನಿಸಿ ಕುಳಿತುಬಿಡುತ್ತಿತ್ತು, ಬೇಟೆಗಾರರು ನಾಯಿಯ ಮೇಲಿಂದಲೇ ಬಲೆಯನ್ನೆಳೆದು ಹಕ್ಕಿಗಳ ಮೇಲೆ ಹಾಸುತ್ತಿದ್ದರು. ಡೇಗೆ ಹಾರಿಸಿ ಗ್ರೌಸ್ ಹಿಡಿಯುವವರಿಗೆ ಪಾಯಿಂಟರ್ ಬೇಕು. ಅದು ಒಂದು ಕಾಲೆತ್ತಿ ಶಿಲೆಯಂತೆ ನಿಂತಿರುವಷ್ಟು ಹೊತ್ತಿನಲ್ಲಿ ಡೇಗೆ ಮೇಲೇರಿ ಸುತ್ತುಹಾಕತೊಡಗುತ್ತದೆ, ಆಮೇಲೆ ಹಕ್ಕಿಯನ್ನು ಎಬ್ಬಿಸುತ್ತಾರೆ. ಮುಳ್ಳುಪೊದೆಗೆ ನುಗ್ಗಲು ಸ್ಪ್ಯಾನಿಯಲ್, ಬಿದ್ದ ಹಕ್ಕಿಯನ್ನು ನೀರಿನಿಂದಲೋ ಹೊಲದಿಂದಲೋ ಎತ್ತಿ ತರಲು ಲ್ಯಾಬ್ರಡಾರ್. ಈ ಸಾಲಿನಲ್ಲಿ ಲರ್ಚರ್‌ಗೆ ಮೊದಲಿಂದಲೂ ಹಿಂದಿನ ಜಾಗವೇ. ಅದು ಮೂಲತಃ ಮೊಲದ ನಾಯಿಯೆಂಬುದು ನಿಜ. ಆದರೂ ಅದು ಹಕ್ಕಿಗೆ ಒದಗುವ ಒಂದು ಗಳಿಗೆಯಿದೆ.

ಕಳೆದ ನವೆಂಬರಿನ ಒಂದು ಬೆಳಗ್ಗೆ, ನೆರೆಯ ರೈತರು ತಮ್ಮ ಹೊಲದ ಬೇಲಿಸಾಲಿನಲ್ಲಿ ಸ್ಪ್ಯಾನಿಯಲ್ ಜೊತೆ ಹೊರಟಾಗ ನಮ್ಮನ್ನೂ ಕರೆದಿದ್ದರು. ಸ್ಪ್ಯಾನಿಯಲ್ ಪೊದೆಯೊಳಗೆ ಹೊಕ್ಕು ಬಾಲವಾಡಿಸುತ್ತಿದ್ದರೆ ನಮ್ಮ ಹೆಣ್ಣುನಾಯಿ ಬೇಲಿಯ ಹೊರಮಗ್ಗುಲಲ್ಲಿ ಕಿವಿ ನಿಮಿರಿಸಿಕೊಂಡು, ಸದ್ದಿಲ್ಲದೆ, ಅದರ ಸಮಕ್ಕೆ ಹೆಜ್ಜೆಯಿಡುತ್ತಿತ್ತು. ಗಂಡು ಫೆಸೆಂಟ್ ಒಂದು ಕೂಗುತ್ತ ಮೇಲೆದ್ದಿತು. ಈಡು ತಾಗಿದ್ದು ರೆಕ್ಕೆಗೆ ಮಾತ್ರ. ಹಕ್ಕಿ ಉತ್ತ ಹೊಲದಲ್ಲಿ ಬಿದ್ದು, ಎದ್ದು, ಎದುರು ಕಾಡಿನತ್ತ ಓಡತೊಡಗಿತು. ಹಾಗೆ ಓಡಿಹೋದ ಹಕ್ಕಿ ಸಿಗದಿದ್ದರೆ ದಿನಗಟ್ಟಲೆ ನರಳಿ ಸಾಯಬಹುದು. ಹೋಗೆಂದು ಹೇಳಿದ ಕೂಡಲೇ ನಮ್ಮ ನಾಯಿ ಇಡೀ ಹೊಲವನ್ನು ನಾಲ್ಕೈದು ಉಸಿರಿನಲ್ಲಿ ದಾಟಿ, ಕಾಡಿನ ಅಂಚಿಗೆ ಮುನ್ನವೇ ಅದನ್ನು ಹಿಡಿದು, ತಲೆಯೆತ್ತಿಕೊಂಡು ತಂದು ಕೈಗೆ ಕೊಟ್ಟಿತು. ನೆರೆಯವರು ಹಕ್ಕಿಯನ್ನು ಆ ಕ್ಷಣವೇ ನೋವಿಲ್ಲದಂತೆ ಮುಗಿಸಿ, ನಂತರ ಗರಿಗಳ ನಡುವೆ ಬೆರಳಿಟ್ಟು ಎರಡೂ ಪಕ್ಕೆಗಳನ್ನು ಒತ್ತಿ ನೋಡಿದರು. ಬೇಟೆನಾಯಿಗಳ ಪರೀಕ್ಷೆಗಳಲ್ಲಿ ತೀರ್ಪುಗಾರರೂ ಹೀಗೆಯೇ ನೋಡುತ್ತಾರೆ. ಪಕ್ಕೆಲುಬು ಮುರಿದಿದ್ದರೆ ಅದು ಗಟ್ಟಿಬಾಯಿಯ ನಾಯಿ, ಹಕ್ಕಿ ತರಲು ತಕ್ಕುದಲ್ಲ. ಈ ಹಕ್ಕಿಯ ಪಕ್ಕೆಗಳು ಇಡಿಯಾಗಿದ್ದವು.

ಇಷ್ಟು ಹೇಳಿದ್ದರಿಂದ ಇಲ್ಲಿ ನಡೆಯುವುದೆಲ್ಲ ನನಗೆ ಒಪ್ಪಿಗೆಯೆಂದು ಯಾರೂ ಭಾವಿಸಬಾರದು. ಬಂದೂಕಿಗೆಂದೇ ಪ್ರತಿವರ್ಷ ಕೋಟಿಗಟ್ಟಲೆ ಫೆಸೆಂಟ್‌ಗಳನ್ನು ಮರಿಯಿಂದ ಸಾಕಿ ಕಾಡಿಗೆ ಬಿಡುವ ಪದ್ಧತಿಯನ್ನು ನೋಡಿದಾಗಲೆಲ್ಲ ನನಗೆ ಕಸಿವಿಸಿಯಾಗುತ್ತದೆ. ಅದಕ್ಕಿಂತ ಹೆಚ್ಚಾಗಿ ಮನಸ್ಸನ್ನು ನೋಯಿಸುವುದು ಬೇಟೆಯ ಋತು ಮುಗಿದ ಮೇಲೆ ಬೀದಿಪಾಲಾಗುವ ನಾಯಿಗಳು. ನಮ್ಮ ನಾಯಿ ನಮಗೆ ದೊರೆತದ್ದು ಒಂದು ಫೆಬ್ರವರಿಯ ಕೊನೆಯಲ್ಲಿ, ಅನಾಥ ಪ್ರಾಣಿಗಳ ಆಶ್ರಯವೊಂದರಿಂದ. ಎದೆಯ ಉದ್ದಕ್ಕೂ ಮುಳ್ಳುತಂತಿ ಸೀಳಿದ ಗಾಯ ಹೊಲಿಗೆ ಕಾಣದೆ ತಾನಾಗಿ ಕೂಡಿಕೊಂಡಿತ್ತು. ಎಂಟು ವಾರ ದಾಟಿದ ಪ್ರತಿ ನಾಯಿಗೂ ಗುರುತಿನ ಚಿಪ್ ಹಾಕಿಸಬೇಕೆಂಬ ನಿಯಮ ಇಂಗ್ಲೆಂಡಿನಲ್ಲಿ 2016ರ ಏಪ್ರಿಲ್‌ನಿಂದಲೇ ಜಾರಿಯಲ್ಲಿದ್ದರೂ ಅದರ ಕತ್ತಿನಲ್ಲಿ ಚಿಪ್ ಇರಲಿಲ್ಲ. ಯಾರದೆಂದು ಯಾರನ್ನು ಕೇಳುವುದು?

ಕಳ್ಳಬೇಟೆ ನಡೆಯುತ್ತದೆ, ಅದರಲ್ಲಿ ಲರ್ಚರ್‌ಗಳನ್ನೇ ಹೆಚ್ಚಾಗಿ ಬಳಸುತ್ತಾರೆ. ಇದನ್ನು ಮುಚ್ಚಿಡುವ ಅಗತ್ಯವಿಲ್ಲ. ಮೊಲದ ಓಟಕ್ಕೆ ಹಣ ಕಟ್ಟುವ ಗುಂಪುಗಳು ರೈತರ ಬೆಳೆಯನ್ನು ವಾಹನಗಳಿಂದ ತುಳಿಸಿ, ಅಡ್ಡ ಬಂದವರನ್ನು ಬೆದರಿಸುತ್ತಿದ್ದವು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2022ರ ಆಗಸ್ಟ್ 1ರಿಂದ ಜಾರಿಯಾದ ಕಾನೂನಿನಂತೆ, ಹೇರ್ ಮೊಲವನ್ನು ನಾಯಿಯಿಂದ ಅಟ್ಟಿಸುವ ಉದ್ದೇಶದಿಂದ ಪರರ ಜಮೀನಿಗೆ ನುಗ್ಗಿದರೆ ಆರು ತಿಂಗಳವರೆಗೆ ಸೆರೆವಾಸ ವಿಧಿಸಬಹುದು. ಅಷ್ಟೇ ಅಲ್ಲ, ಅಪರಾಧಿ ಮುಂದೆ ನಾಯಿ ಸಾಕದಂತೆ ತಡೆಯಬಹುದು, ವಶಪಡಿಸಿಕೊಂಡ ನಾಯಿಯನ್ನು ಪೊಲೀಸರು ಸಾಕಿದ ಖರ್ಚನ್ನೂ ಅವನಿಂದಲೇ ವಸೂಲಿ ಮಾಡಬಹುದು. ಈ ಕೊನೆಯ ಎರಡು ಅಂಶಗಳು ನನಗೆ ಬಹಳ ಮುಖ್ಯವೆನಿಸುತ್ತವೆ. 1671ರ ಕಾನೂನು ಬಡವನ ಮನೆಯಲ್ಲಿ ನಾಯಿ ಇರುವುದನ್ನೇ ಅಪರಾಧದ ಗುರುತೆಂದು ಎಣಿಸಿತ್ತು. ಈಗಿನದು ನಾಯಿಯನ್ನು ಯಾರು, ಎಲ್ಲಿ, ಯಾವುದರ ಮೇಲೆ ಬಿಟ್ಟರೆಂದು ಕೇಳುತ್ತದೆ.

ತಮ್ಮ ಲೇಖಕರು ಬಳಸಿದ ಕಳ್ಳನಾಯಿ ಎಂಬ ಮಾತು ಇಲ್ಲಿ ಹೊಸದೇನಲ್ಲ. ಆಶ್ರಯಕ್ಕೆ ನಾಯಿ ಹುಡುಕಿಕೊಂಡು ಬರುವ ಕುಟುಂಬಗಳು ಲರ್ಚರ್‌ನ ಗೂಡಿನ ಮುಂದೆ ನಿಂತು, ಫಲಕ ಓದಿ, ಮುಂದಿನ ಗೂಡಿಗೆ ಸರಿಯುವುದನ್ನು ನಾನು ಕಂಡಿದ್ದೇನೆ. ಕನ್ನಡದಲ್ಲಿ ಈ ನಾಯಿಯನ್ನು ಕುರಿತು ಓದಲು ಸಿಗುವುದೇ ವಿರಳ. ಆದ್ದರಿಂದ 2004ರ ಕಾಯ್ದೆಯ ನಿಷೇಧ ಹಕ್ಕಿಗಳಿಗೆ ಅನ್ವಯಿಸುವುದಿಲ್ಲವೆಂಬ ತಿದ್ದುಪಡಿಯನ್ನೂ, ಲರ್ಚರ್ ಕುರಿತ ಈ ವಿವರಣೆಯನ್ನೂ ತಮ್ಮ ಪತ್ರಿಕೆಯಲ್ಲಿ ಪ್ರಕಟಿಸಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಉತ್ತರ ಇಂಗ್ಲೆಂಡಿನ ಒಬ್ಬ ಓದುಗ