ನಿಮ್ಮ ಡಿಎಸ್‌ಸಿ ಟೋಕನ್ ವಾಪಸ್ ತಗೊಂಡು ಹೋಗಿ

ನಮಸ್ಕಾರ,

ಬರುವ ತಿಂಗಳ 1ನೇ ತಾರೀಖಿನಿಂದ ಯಾರ ಡಿಎಸ್‌ಸಿ ಟೋಕನ್ನನ್ನೂ ನಮ್ಮ ಆಫೀಸಿನಲ್ಲಿ ಇಟ್ಟುಕೊಳ್ಳುವುದಿಲ್ಲ. ಡಿಎಸ್‌ಸಿ ಅಂದರೆ ಕಂಪ್ಯೂಟರಿನಲ್ಲಿ ನಿಮ್ಮ ಸಹಿ ಹಾಕಲು ಬೇಕಾದ ಡಿಜಿಟಲ್ ಸಹಿಯ ಸರ್ಟಿಫಿಕೇಟ್, ಅದು ಇರುವ ಪೆನ್‌ಡ್ರೈವ್‌ನಂಥ ಸಾಧನವೇ ಟೋಕನ್. ಜಿಎಸ್‌ಟಿ ಇರಲಿ, ಟೆಂಡರ್ ಇರಲಿ, ಸಹಿ ಹಾಕುವಾಗ ಟೋಕನ್ ನೀವೇ ತರಬೇಕು, ಪಿನ್ ನೀವೇ ಒತ್ತಬೇಕು.

ನಿಮಗೆ ಓಡಾಟ ತಪ್ಪಲಿ ಅಂತ ಇಷ್ಟು ವರ್ಷ ನಾವೇ ಇಟ್ಟುಕೊಂಡಿದ್ದೆವು. ಡ್ರಾಯರ್‌ನಲ್ಲಿ ಒಂದು ಬಿಸ್ಕತ್ ಡಬ್ಬ, ಅದರ ತುಂಬಾ ಟೋಕನ್, ಒಂದೊಂದಕ್ಕೂ ಹೆಸರು, ಪಿನ್ ಬರೆದ ಚೀಟಿ. ಹಾಗೆ ಮಾಡಿದ್ದು ನಮ್ಮ ತಪ್ಪು.

ಇತ್ತೀಚೆಗೆ ನಮ್ಮ ಹಳೆಯ ಗ್ರಾಹಕರೊಬ್ಬರು ತೀರಿಕೊಂಡರು. ತಿಥಿ ಮುಗಿದ ಮೇಲೆ ಮಗ ಬಂದು, ‘ಅಪ್ಪನ ಟೋಕನ್ ನಿಮ್ಮ ಹತ್ರಾನೇ ಇದೆಯಲ್ಲ, ಕಂಪನಿ ರಿಟರ್ನ್ ಅದರಲ್ಲೇ ಹಾಕಿಬಿಡಿ’ ಅಂದರು. ಪಾಪ, ಅವರಿಗೆ ಬೇರೆ ಉದ್ದೇಶ ಇರಲಿಲ್ಲ. ಡಬ್ಬ ತೆಗೆದರೆ ಟೋಕನ್ ಇತ್ತು, ಚೀಟಿಯಲ್ಲಿ ಪಿನ್ ಇತ್ತು, ಸರ್ಟಿಫಿಕೇಟ್ ಇನ್ನೂ ಚಾಲ್ತಿಯಲ್ಲಿತ್ತು. ತೀರಿಹೋದವರ ಸಹಿ ಒಂದು ನಿಮಿಷದ ಕೆಲಸ. ನಾವು ಹಾಕಲಿಲ್ಲ, ಆದರೆ ಅವತ್ತು ನಿಜಕ್ಕೂ ಹೆದರಿಕೆಯಾಯಿತು.

2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 38ನೇ ಕಲಂ ಪ್ರಕಾರ ನೀವು ಕೇಳಿಕೊಂಡರೆ, ಸರ್ಟಿಫಿಕೇಟ್ ಇದ್ದವರು ತೀರಿಕೊಂಡರೆ, ಫರ್ಮ್ ಅಥವಾ ಕಂಪನಿ ಮುಚ್ಚಿದರೆ ಅದನ್ನು ರದ್ದು ಮಾಡಬಹುದು. 42ನೇ ಕಲಂ ಇನ್ನೂ ಮುಖ್ಯ. ಟೋಕನ್ ಕಳೆದರೆ, ಬೇರೆಯವರ ಕೈಗೆ ಹೋದರೆ, ತಡ ಮಾಡದೆ ಸರ್ಟಿಫಿಕೇಟ್ ಕೊಟ್ಟ ಸಂಸ್ಥೆಗೇ ತಿಳಿಸಬೇಕು, ತಿಳಿಸುವ ತನಕ ಹೊಣೆ ನಿಮ್ಮದೇ. ನಮಗೊಂದು ಫೋನ್ ಮಾಡಿ ಸುಮ್ನಿದ್ದರೆ ಸಾಲದು.

ರದ್ದಾದರೆ ಟೋಕನ್ ಸತ್ತುಹೋಗುತ್ತದೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಇಲ್ಲ. ಅದರೊಳಗಿನ ಕೀ, ಅಂದರೆ ಸಹಿ ಹಾಕುವ ಗುಪ್ತ ಸಂಕೇತ, ಹಾಗೇ ಇರುತ್ತದೆ, ಪಿನ್ ಒತ್ತಿದರೆ ಸಹಿಯೂ ಬೀಳಬಹುದು. ಆಗುವುದು ಇಷ್ಟೇ: ನಿಮ್ಮ ಸರ್ಟಿಫಿಕೇಟಿನ ಸೀರಿಯಲ್ ನಂಬರ್ ರದ್ದಾದವುಗಳ ಪಟ್ಟಿಗೆ ಸೇರುತ್ತದೆ, ಸಹಿ ಪರೀಕ್ಷಿಸುವವರು ಆ ಪಟ್ಟಿ ನೋಡಿ ತಿರಸ್ಕರಿಸುತ್ತಾರೆ. ಹಾಗಾಗಿ ರದ್ದಾದ ಟೋಕನ್ನನ್ನೂ ಎಲ್ಲೆಂದರಲ್ಲಿ ಬಿಸಾಡಬೇಡಿ. ಒಮ್ಮೆ ರದ್ದಾದರೆ ಅದೇ ಸರ್ಟಿಫಿಕೇಟ್ ಮತ್ತೆ ಜೀವ ಪಡೆಯುವುದಿಲ್ಲ, ಹೊಸದು ಮಾಡಿಸಿ ಪೋರ್ಟಲ್‌ಗಳಲ್ಲಿ ಮತ್ತೆ ನೋಂದಾಯಿಸಬೇಕು.

ಹಳೆಯ ಸಹಿಗಳ ಗತಿ ಏನು ಅಂತ ಕೇಳುತ್ತೀರಿ, ಅಲ್ವಾ? ರದ್ದಾಗುವ ಮೊದಲು ಹಾಕಿದ ಸಹಿ ಬಿದ್ದುಹೋಗುವುದಿಲ್ಲ. ಸಹಿ ಹಾಕಿದ ಕರಾರಿನಿಂದ ಹಿಂದೆ ಸರಿಯಲೂ ಇದು ದಾರಿಯಲ್ಲ. ಆದರೆ ಮೊದಲೇ ಹಾಕಿದ್ದು ಅಂತ ತೋರಿಸುವುದು ಹೇಗೆ? ಕಂಪ್ಯೂಟರಿನ ಗಡಿಯಾರವನ್ನು ಯಾರು ಬೇಕಾದರೂ ಹಿಂದಕ್ಕೆ ತಿರುಗಿಸಬಹುದು. ಅದಕ್ಕೇ ಇನ್ನು ಮೇಲೆ ನಮ್ಮಲ್ಲಿ ಸಹಿಯಾಗುವ ಪ್ರತಿ ಕರಾರಿನ ಪಿಡಿಎಫ್‌ಗೂ ಟೈಮ್‌ಸ್ಟಾಂಪ್, ಅಂದರೆ ಸಹಿಯ ಸಮಯಕ್ಕೆ ಹೊರಗಿನ ಸಂಸ್ಥೆಯೊಂದು ಕೊಡುವ ಮುದ್ರೆ, ಹಾಕುತ್ತೇವೆ, ಅದಕ್ಕೆ ಬೇರೆ ದುಡ್ಡಿಲ್ಲ.

ಬರಲು ಕಷ್ಟ ಅನ್ನುವವರು ಒಂದು ಮಾತು ತಿಳಿಸಿ. ಸ್ವಂತ ಹೆಸರಿನ ಅಂಗಡಿಯಾದರೆ ಜಿಎಸ್‌ಟಿ ರಿಟರ್ನ್‌ಗೆ ಮೊಬೈಲ್ ಒಟಿಪಿಯೇ ಸಾಕು.

ಭಾನುವಾರ ಬಿಟ್ಟು ಯಾವತ್ತಾದರೂ ಬನ್ನಿ. ನಿಮ್ಮೆದುರೇ ಚೀಟಿ ಹರಿದು ಟೋಕನ್ ಕೊಡುತ್ತೇವೆ. ಅಲ್ಲೇ ಕೂತು ಪಿನ್ ಬದಲಾಯಿಸಿಕೊಳ್ಳಿ, ಹೊಸದನ್ನು ನಮಗೂ ಹೇಳಬೇಡಿ.

ಇಂತಿ,
ನಿಮ್ಮ ಲೆಕ್ಕಪತ್ರದ ಆಫೀಸಿನವರು