ವಿಷಯ: ನರ್ಸಿಂಗ್ ಓದಿದ ಜಿಎನ್‌ಎಂ ನರ್ಸ್‌ನ ದುಡ್ಡು ತಗೊಂಡು ಹೋಂ ನರ್ಸ್ ಕಳಿಸಿದ ಬಗ್ಗೆ

ಮಂಗಳೂರು, 28-7-2025

ಮ್ಯಾನೇಜರ್ ಅವರಿಗೆ,

ನಮಸ್ಕಾರ. ನಿಮ್ಮ ಆಫೀಸಿಗೆ ನಾನು 7 ಸಲ ಫೋನ್ ಮಾಡಿದ್ದೇನೆ. ಏಳನೇ ಸಲ "ಸರ್ ಊಟಕ್ಕೆ ಹೋಗಿದ್ದಾರೆ" ಅಂದರು. ಆಗ ಸಂಜೆ ಐದೂವರೆ. ಇನ್ನು ಫೋನ್ ಮಾಡುವುದಿಲ್ಲ. ಶನಿವಾರ ವಾಟ್ಸಾಪ್‌ನಲ್ಲಿ ಬಂದ ನಿಮ್ಮ ಬಿಲ್ ನೋಡಿದ ಮೇಲೆ ಬರೆಯಲಿಕ್ಕೆ ಕೂತಿದ್ದೇನೆ. ಸಮಾಧಾನದಲ್ಲಿ ಬರೆಯಬೇಕು ಅಂತ ಎರಡು ದಿನ ಬಿಟ್ಟೇ ಕೂತದ್ದು.

ಜುಲೈ 2ರಂದು ನನ್ನ ಹೊಟ್ಟೆಯ ಆಪರೇಷನ್ ಆಯಿತು. ಎರಡು ಹೆರಿಗೆಯ ನಂತರ ಹೊಟ್ಟೆಯ ನಡುವಿನ ಸ್ನಾಯುಗಳು ಆಚೆ ಈಚೆ ಸರಿದಿದ್ದವು. ಅವನ್ನು ಸೇರಿಸಿ ಹೊಲಿದು, ಜೋತುಬಿದ್ದ ಚರ್ಮ ತೆಗೆದರು. ಟಮ್ಮಿ ಟಕ್ ಅನ್ನುತ್ತಾರೆ. ಇನ್ಶೂರೆನ್ಸ್‌ನವರು ಒಂದು ರೂಪಾಯಿ ಕೊಟ್ಟಿಲ್ಲ. ಎಲ್ಲ ನನ್ನ ಸಂಬಳದಲ್ಲಿ ಉಳಿಸಿದ ದುಡ್ಡು. ಗಂಡ ಗಲ್ಫ್‌ನಲ್ಲಿದ್ದಾರೆ, ಅತ್ತೆಗೆ 74 ವರ್ಷ. ಅದಕ್ಕೇ 4ನೇ ತಾರೀಕು ಡಿಸ್ಚಾರ್ಜ್ ಆದ ದಿನದಿಂದ 10 ದಿನಕ್ಕೆ ನಿಮ್ಮಿಂದ ಜಿಎನ್‌ಎಂ ನರ್ಸ್ ಬುಕ್ ಮಾಡಿದೆ. ಹಗಲು 12 ಗಂಟೆ, ದಿನಕ್ಕೆ 1,800ರಂತೆ 18,000 ರೂಪಾಯಿ ಮೊದಲೇ ಕೊಟ್ಟೆ. ಜೊತೆಗೆ ಒಂದು ಫುಲ್ ಫೌಲರ್ ಕಾಟ್ (ಬೆನ್ನು, ಮಂಡಿ ಎರಡೂ ಕಡೆ ಏಳುವ ಮಂಚ), ಅದಕ್ಕೆ 5,000 ಡಿಪಾಸಿಟ್.

ಬಂದ ಕಾಟ್ ಸೆಮಿ ಫೌಲರ್. ಬೆನ್ನು ಏಳುತ್ತದೆ, ಮಂಡಿ ಏಳುವುದಿಲ್ಲ. ಈ ಆಪರೇಷನ್ ಆದವರು ಹೊಲಿಗೆ ಎಳೆಯದ ಹಾಗೆ ಬೆನ್ನು ಎತ್ತಿ, ಮಂಡಿ ಮಡಚಿ ಮಲಗಬೇಕು. ಇದು ನಿಮಗೆ ನಾನು ಹೇಳಿಕೊಡಬೇಕಾ? "ದಿಂಬು ಇಡಿ ಮೇಡಂ" ಅಂದರು. ಇಟ್ಟೆ. ದಿಂಬು ನಮ್ಮದು, ಬಾಡಿಗೆ ನಿಮ್ಮದು.

ನೀವು ಕಳಿಸಿದ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ. ಒಳ್ಳೆಯವಳು. ಕುಚ್ಚಲಕ್ಕಿ ಗಂಜಿ ಹದವಾಗಿ ಮಾಡುತ್ತಿದ್ದಳು. ಆದರೆ ಅವಳು ನರ್ಸ್ ಅಲ್ಲ. ಮೊದಲ ದಿನವೇ "ಅಕ್ಕ, ನಾನು ಅಜ್ಜ ಅಜ್ಜಿಯಂದಿರನ್ನು ನೋಡಿಕೊಳ್ಳುವವಳು" ಅಂತ ಸತ್ಯ ಹೇಳಿದಳು. ನಿಮ್ಮ ಇಡೀ ಸಂಸ್ಥೆಯಲ್ಲಿ ನನಗೆ ಸತ್ಯ ಹೇಳಿದ್ದು ಅವಳೊಬ್ಬಳೇ. ಹೋಂ ನರ್ಸ್ ಬೇರೆ, ಮೂರು ವರ್ಷ ಓದಿ ಬಂದ ಜಿಎನ್‌ಎಂ ನರ್ಸ್ ಬೇರೆ. ನಿಮ್ಮದೇ ರೇಟ್ ಕಾರ್ಡ್‌ನಲ್ಲಿ ಇದು ಎರಡು ಬೇರೆ ಸಾಲು: 900 ಮತ್ತು 1,800. ಮಂಗಳೂರಿನಲ್ಲಿ ನರ್ಸ್ ಸಿಗಲಿಲ್ಲ ಅಂತ ಮಾತ್ರ ಹೇಳಬೇಡಿ. ಇಲ್ಲಿ ಯಾವ ಬಸ್ ಸ್ಟಾಪ್‌ನಲ್ಲಿ ನಿಂತರೂ ನರ್ಸಿಂಗ್ ಕಾಲೇಜಿನ ಮಕ್ಕಳು ಕಾಣುತ್ತಾರೆ.

ಒಳಗೆ ಸೇರುವ ನೀರು ಹೊರಗೆ ಬರಲಿಕ್ಕೆ ನನ್ನ ಹೊಟ್ಟೆಯಿಂದ ಎರಡು ಡ್ರೈನ್ ಟ್ಯೂಬ್ ಇಳಿದಿದ್ದವು. ತುದಿಯಲ್ಲಿ ಬಲ್ಬ್. ಅದನ್ನು ದಿನಕ್ಕೆ ಎರಡು ಸಲ ಖಾಲಿ ಮಾಡಿ, ಎಷ್ಟು ಎಂಎಲ್ ಅಂತ ಬರೆದು, ಬಲ್ಬನ್ನು ಚಪ್ಪಟೆಯಾಗಿ ಹಿಚುಕಿ ಹಿಡಿದುಕೊಂಡೇ ಮುಚ್ಚಳ ಹಾಕಬೇಕು. ಇಲ್ಲದಿದ್ದರೆ ಅದು ನೀರು ಎಳೆಯುವುದಿಲ್ಲ. ಪಾಪ, ಆ ಹುಡುಗಿ ಮೊದಲು ಮುಚ್ಚಳ ಹಾಕಿ ಆಮೇಲೆ ಹಿಚುಕುತ್ತಿದ್ದಳು. ಬಂದಷ್ಟನ್ನು ಸಿಂಕಿಗೆ ಚೆಲ್ಲುತ್ತಿದ್ದಳು. ನಾಲ್ಕನೇ ದಿನ ಬಲ್ಬ್ ಖಾಲಿ ಕಂಡು, ವಾಸಿ ಆಗ್ತಾ ಉಂಟು ಅಂತ ನಾವಿಬ್ಬರೂ ಖುಷಿಪಟ್ಟೆವು. ರಾತ್ರಿ ಟ್ಯೂಬಿನ ಪಕ್ಕದಿಂದ ಸೋರಿ ಹೊಟ್ಟೆಗೆ ಕಟ್ಟಿದ ಬೆಲ್ಟ್ ಒದ್ದೆಯಾಯಿತು.

ಮರುದಿನ, 8ನೇ ತಾರೀಕು ಮಂಗಳವಾರ, ನರ್ಸ್ ಕೊಡಿ ಅಂತ ಫೋನ್ ಮಾಡಿದ್ದಕ್ಕೆ ನೀವು ಕಳಿಸಿದ್ದು ಸೂಪರ್‌ವೈಸರನ್ನು. ಹನ್ನೊಂದು ಗಂಟೆ, ಜೋರು ಮಳೆ. ಶೂ ತೆಗೆಯದೆ ಹಾಲ್‌ಗೆ ಬಂದರು. ಹಾಲ್‌ನಲ್ಲಿ ಅತ್ತೆ ಇದ್ದರು. ಎದುರು ಮನೆಯ ಬಾಯಮ್ಮ ಪತ್ರೊಡೆ ತಂದು ಕೂತಿದ್ದರು. ಇನ್ವರ್ಟರ್ ರಿಪೇರಿಯವನು ಸ್ಟೂಲ್ ಮೇಲೆ ನಿಂತಿದ್ದ.

"ಎದ್ದು ನಿಲ್ಲಿ ಮೇಡಂ." ಎದ್ದೆ. "ಸ್ವಲ್ಪ ನಡೀರಿ, ನೋಡುವ." ನಡೆದೆ. ಒಂದು ಕೈಯಲ್ಲಿ ಹೊಟ್ಟೆಗೆ ಒತ್ತಿಕೊಂಡ ದಿಂಬು, ಇನ್ನೊಂದರಲ್ಲಿ ಎರಡು ಬಲ್ಬ್ ಹಾಕಿದ ಬಟ್ಟೆ ಚೀಲ. ಬೆನ್ನು ಬಾಗಿಸಿಕೊಂಡು, ಟಿವಿಯಿಂದ ಊಟದ ಮೇಜಿನ ತನಕ. 45 ಮಕ್ಕಳ ಕ್ಲಾಸನ್ನು ಒಂದು ನೋಟದಲ್ಲಿ ಸುಮ್ಮನಿರಿಸುವ ಟೀಚರ್ ನಾನು. ಅವತ್ತು ಸಂತೆಯ ದನದ ಹಾಗೆ ನಡೆದು ತೋರಿಸಿದೆ.

"ನಡೀತೀರಲ್ಲ! ನಡೆಯುವವರಿಗೆ ನರ್ಸ್ ಎಂತಕ್ಕೆ?"

ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಾರದು ಅಂತ ನಡೆಯಲಿಕ್ಕೆ ಡಾಕ್ಟರೇ ಹೇಳಿದ್ದಾರೆ ಅಂದೆ. ಅವರು ಫೈಲ್ ತೆಗೆದು ಗಟ್ಟಿಯಾಗಿ ಓದಿದರು. "ಟಮ್ಮಿ ಟಕ್. ಕಾಸ್ಮೆಟಿಕ್. ಇದು ಕಾಯಿಲೆ ಅಲ್ಲ ಅಲ್ವಾ ಮೇಡಂ? ಚಂದಕ್ಕೆ ಮಾಡಿಸಿದ್ದು."

ಸ್ಟೂಲ್ ಮೇಲಿನವನ ಸ್ಕ್ರೂಡ್ರೈವರ್ ನಿಂತಿತು. ಇಡೀ ಅಪಾರ್ಟ್‌ಮೆಂಟಿಗೆ ನಾನು ಹರ್ನಿಯಾ ಅಂತ ಹೇಳಿದ್ದೆ. (ಸ್ನಾಯು ಹೊಲಿದದ್ದು ನಿಜ, ಹಾಗಾಗಿ ಅರ್ಧವೇ ಸುಳ್ಳು.) ಬಾಯಮ್ಮ ಮೆಲ್ಲ "ಟಮ್ಮಿ ಟಕ್ ಅಂದ್ರೆ ಎಂತ?" ಅಂತ ಕೇಳಿದರು. ನನ್ನನ್ನಲ್ಲ, ಆ ಸೂಪರ್‌ವೈಸರನ್ನು. ಅವರು ತಮ್ಮ ಹೊಟ್ಟೆಯ ಮೇಲೆಯೇ ಕೈಯಾಡಿಸಿ, ಇಲ್ಲಿಂದ ಇಲ್ಲಿಗೆ ಕಟ್ ಮಾಡ್ತಾರೆ, ಮೇಲಿಂದ ಎಳೆದು ಹೊಲೀತಾರೆ ಅಂತ ತೋರಿಸಿದರು. ವಿವರಿಸಲಿಕ್ಕೆ ಬೇಕಾದಷ್ಟು ಹೊಟ್ಟೆ ಅವರಿಗೆ ಇತ್ತು. ಕ್ಷಮಿಸಿ, ಇದನ್ನು ಬರೆಯಬಾರದು ಅಂದುಕೊಂಡಿದ್ದೆ.

ನನಗೆ ಅಳಲಿಕ್ಕೂ ಆಗಲಿಲ್ಲ. ಅತ್ತರೆ ಹೊಲಿಗೆ ಎಳೆಯುತ್ತದೆ.

ಟ್ಯೂಬ್ ತೆಗೆಯುವುದು 24 ಗಂಟೆಯಲ್ಲಿ 30 ಎಂಎಲ್‌ಗಿಂತ ಕಡಿಮೆ ಬಂದಾಗ ಅಂತ ಸರ್ಜನ್ ಹೇಳಿದ್ದರು. 12ರಂದು ಚಾರ್ಟ್ ಕೇಳಿದರು. ನನ್ನ ಹತ್ತಿರ ಇದ್ದದ್ದು ನಾನೇ ಮಲಗಿಕೊಂಡು ಬರೆದ ಎರಡು ದಿನದ ಲೆಕ್ಕ. ಅದೂ ಬಲ್ಬ್ ಸರಿಯಾಗಿ ಎಳೆಯದೆ ಇದ್ದಾಗಿನದ್ದು. ಇದನ್ನು ನಂಬಲಿಕ್ಕಾಗುವುದಿಲ್ಲ, ಇನ್ನೂ ಮೂರು ದಿನ ಇರಲಿ ಅಂದರು. ಹಾಗಾಗಿ ನಿಮ್ಮ ಹುಡುಗಿಯನ್ನು 15ರ ತನಕ ಇಟ್ಟುಕೊಳ್ಳಬೇಕಾಯಿತು.

ಈಗ ಶನಿವಾರದ ಬಿಲ್. "ಗ್ರಾಹಕರ ಕೋರಿಕೆ ಮೇರೆಗೆ 2 ದಿನ ವಿಸ್ತರಣೆ, ನರ್ಸಿಂಗ್ ಕೇರ್, 3,600. ಕಾಟ್ ಪಿಕಪ್ 800." ನನ್ನ ಕೋರಿಕೆಯಂತೆ! ಟ್ಯೂಬ್ ಇನ್ನೂ ಸ್ವಲ್ಪ ದಿನ ಹೊಟ್ಟೆಯಲ್ಲೇ ಇರಲಿ, ಚಂದ ಕಾಣ್ತದೆ ಅಂತ ನಾನೇ ಕೇಳಿಕೊಂಡೆ, ಅಲ್ವಾ?

ಈ 4,400 ನಾನು ಕೊಡುವುದಿಲ್ಲ. ನೀವು ಜಾಸ್ತಿ ತಗೊಂಡ 9,000 ಮತ್ತು ಡಿಪಾಸಿಟ್‌ನ 5,000 ನನಗೆ ಬರಬೇಕು. ನನ್ನ ಫೈಲ್‌ನಲ್ಲಿ ಇರುವುದನ್ನು ನಾಲ್ಕು ಜನರ ಮುಂದೆ ಓದಿದ್ದಕ್ಕೆ ಕಾಗದದಲ್ಲಿ ಕ್ಷಮೆ ಬೇಕು. ವಾಟ್ಸಾಪ್‌ನ ಕೈಮುಗಿಯುವ ಚಿತ್ರ ಬೇಡ. ಆಗಸ್ಟ್ 4ರ ತನಕ ಕಾಯುತ್ತೇನೆ. ಆಮೇಲೆ ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು, ನಂತರ ಇಲ್ಲಿನ ಜಿಲ್ಲಾ ಗ್ರಾಹಕರ ಆಯೋಗ. 5 ಲಕ್ಷದ ಒಳಗಿನ ಕೇಸಿಗೆ ಫೀಸ್ ಇಲ್ಲ, ವಕೀಲರೂ ಬೇಕಾಗಿಲ್ಲ. ನಿಮ್ಮ ರೇಟ್ ಕಾರ್ಡ್, ರಸೀದಿ, ಕಾಟ್‌ನ ಫೋಟೋ, ಏಳು ಕಾಲ್‌ಗಳ ಪಟ್ಟಿ ಎಲ್ಲ ಒಂದು ಫೈಲ್‌ನಲ್ಲಿ ಉಂಟು. ಸಾಕ್ಷಿಗೆ ಬಾಯಮ್ಮ ಬರುತ್ತಾರೆ. ಅವರಿಗೆ ಈಗ ಟಮ್ಮಿ ಟಕ್ ಬಗ್ಗೆ ಎಲ್ಲ ಗೊತ್ತು, ನಿಮ್ಮವರೇ ಕಲಿಸಿದ್ದು.

ಕಾಟ್ ತಗೊಂಡು ಹೋಗಲಿಕ್ಕೆ ಹುಡುಗರನ್ನು ಕಳಿಸಬೇಡಿ. ಡಿಪಾಸಿಟ್ ಬರುವ ತನಕ ಅದು ಹಾಲ್‌ನಲ್ಲೇ ಇರುತ್ತದೆ. ಮಧ್ಯಾಹ್ನ ಅತ್ತೆ ಅದರಲ್ಲಿ ಮಲಗುತ್ತಾರೆ. ಮಂಡಿ ಏಳದಿದ್ದರೂ ಅವರಿಗೆ ಹಿಡಿಸಿದೆ.

5ನೇ ತಾರೀಕು ಮಂಗಳವಾರ ಹನ್ನೊಂದು ಗಂಟೆಗೆ ನಿಮ್ಮ ಆಫೀಸಿಗೆ ನಾನೇ ಬರುತ್ತೇನೆ. ಆ ಸೂಪರ್‌ವೈಸರ್ ಊಟಕ್ಕೆ ಹೋಗದ ಹಾಗೆ ನೋಡಿಕೊಳ್ಳಿ. ಬೆಲ್ಟ್ ಇನ್ನೂ ಎರಡು ವಾರ ಕಟ್ಟಿಕೊಳ್ಳಬೇಕು, ಆದರೆ ಈಗ ನೆಟ್ಟಗೆ ನಡೆಯುತ್ತೇನೆ. ಅವರು ಬೇಕಾದರೆ ಮತ್ತೊಮ್ಮೆ ನೋಡಲಿ.

ಇಂತಿ,
ನಿಮ್ಮ "ಚಂದದ ಕೇಸ್"